ಪ್ರವಾಸದ ಟಿಕೆಟ್ಟು: ಒಂದು ಕುಟುಂಬದ ಗಣಿತ

‘ಕೋಶ ಓದಬೇಕು, ದೇಶ ಸುತ್ತಬೇಕು’ ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದಿಸುವ ಕಾರ್ಯವನ್ನು ನಮ್ಮ ಶಾಲೆಯು ಐವತ್ತು ವರ್ಷಗಳಿಂದ ನಿಷ್ಠೆಯಿಂದ ಮಾಡುತ್ತ ಬಂದಿದೆ. ದೇಶ ಸುತ್ತಿಸುವ ಕಾರ್ಯವು ಮಾತ್ರ ಆಯಾ ಮನೆಯವರ ಪಾಲಿಗೆ ಬಿಟ್ಟಿದ್ದು. ದೀಪಾವಳಿಯ ರಜೆ, ಮೇ ತಿಂಗಳ ರಜೆ ಬಂದಾಗ ಬೇಡಗದ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು, ಮುಂಬಯಿಗಳ ಹೆಸರೆತ್ತುತ್ತಾರೆ. ತಂದೆತಾಯಿಗಳು ಖರ್ಚಿನ ಭಯದಿಂದ ‘ಮುಂದಿನ ವರ್ಷ ನೋಡೋಣ’ ಎನ್ನುತ್ತಾರೆ. ಈ ಭಯದಲ್ಲಿ ಅರ್ಧ ಭಾಗವು ಲೆಕ್ಕ ಮಾಡದೆ ಇರುವುದರಿಂದ ಹುಟ್ಟಿದ್ದೆಂದು ನನ್ನ ನಂಬಿಕೆ. ಗಣಿತವನ್ನು ಕಲಿಸಿದವನಾದ ನಾನು ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ವಿದ್ಯಾರ್ಥಿಗಳ ಹಾಗೂ ಪಾಲಕರ ಮುಂದೆ ಆ ಲೆಕ್ಕವನ್ನೇ ಒಂದು ಪಾಠವಾಗಿ ಇಡಬಯಸುತ್ತೇನೆ.

ಪಾಠದ ಸಾರ ಇಷ್ಟೇ: ಟಿಕೆಟ್ಟನ್ನು ಅದರ ಹೆಸರಿನಿಂದ ಆರಿಸಬಾರದು. ಮೊದಲು ಮನೆಯವರ ಪಟ್ಟಿ, ಆಮೇಲೆ ದಿನದ ಓಡಾಟದ ಪಟ್ಟಿ, ಕೊನೆಗೆ ಟಿಕೆಟ್ಟು.

ಮನೆಯವರ ಪಟ್ಟಿ

ಉದಾಹರಣೆಗಾಗಿ ಆರು ಜನರ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಅಜ್ಜನಿಗೆ 76 ವರ್ಷ, ಅಜ್ಜಿಗೆ 67. ತಂದೆ, ತಾಯಿ, 11 ವರ್ಷದ ಮಗಳು, 4 ವರ್ಷದ ಮಗ. ಇವರು ಆರು ಜನರೆಂದು ಆರು ಟಿಕೆಟ್ಟು ಎನ್ನುವಂತಿಲ್ಲ. ಪ್ರತಿಯೊಂದು ವಾಹನಕ್ಕೂ ಇವರ ಮೊತ್ತ ಬೇರೆ.

ಮಹಾರಾಷ್ಟ್ರದ ಎಸ್.ಟಿ. ಬಸ್ಸನ್ನು ಮೊದಲು ತೆಗೆದುಕೊಳ್ಳೋಣ. 75 ವರ್ಷ ದಾಟಿದವರಿಗೆ 2022ರ ಆಗಸ್ಟಿನಿಂದ ಪ್ರಯಾಣ ಉಚಿತ. 2023ರ ಮಾರ್ಚ್ 17ರಿಂದ ಎಲ್ಲ ಸ್ತ್ರೀಯರಿಗೆ ಅರ್ಧ ದರ. 5ರಿಂದ 12 ವರ್ಷದ ಮಕ್ಕಳಿಗೂ ಅರ್ಧ. ಅದಕ್ಕಿಂತ ಚಿಕ್ಕವರಿಗೆ ಟಿಕೆಟ್ಟಿಲ್ಲ. ಒಬ್ಬರಿಗೆ ಎರಡು ರಿಯಾಯಿತಿ ಕೂಡಿ ಬರುವುದಿಲ್ಲ. ಅಜ್ಜಿಯು ಸ್ತ್ರೀಯೂ ಹೌದು, ಹಿರಿಯರೂ ಹೌದು, ಆದರೂ ಅವರದು ಅರ್ಧವೇ. ಹೀಗೆ ಅಜ್ಜ ಸೊನ್ನೆ, ಅಜ್ಜಿ ಅರ್ಧ, ತಂದೆ ಒಂದು, ತಾಯಿ ಅರ್ಧ, ಮಗಳು ಅರ್ಧ, ಮಗ ಸೊನ್ನೆ. ಮೊತ್ತ ಎರಡೂವರೆ ಟಿಕೆಟ್ಟು.

ಅದೇ ಕುಟುಂಬವು ರೈಲಿನಲ್ಲಿ ಹೊರಟಿತೆನ್ನೋಣ. ಮೊದಲು 60 ದಾಟಿದ ಪುರುಷರಿಗೆ ನೂರಕ್ಕೆ 40, 58 ದಾಟಿದ ಸ್ತ್ರೀಯರಿಗೆ ನೂರಕ್ಕೆ 50 ರಿಯಾಯಿತಿ ಇತ್ತು. ಅದನ್ನು 2020ರ ಮಾರ್ಚ್ 20ರಿಂದ ನಿಲ್ಲಿಸಲಾಗಿದೆ. ಆದುದರಿಂದ ನಾಲ್ವರು ಹಿರಿಯರಿಗೆ ನಾಲ್ಕು ಪೂರ್ಣ ಟಿಕೆಟ್ಟು. ಐದು ತುಂಬದ ಮಗನಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ಟು ಬೇಡ. 5 ತುಂಬಿ 12 ತುಂಬದ ಮಗಳಿಗೆ ಬರ್ತ್ ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ಣ. ಈ ನಿಯಮವು 2016ರ ಏಪ್ರಿಲ್‌ನಿಂದ ನಡೆಯುತ್ತಿದೆ. ರಾತ್ರಿಯ ಪ್ರಯಾಣದಲ್ಲಿ ಹನ್ನೊಂದರ ಹುಡುಗಿಯನ್ನು ತಾಯಿಯ ಬರ್ತಿನಲ್ಲಿ ಮಲಗಿಸಿದರೆ ಇಬ್ಬರಿಗೂ ನಿದ್ರೆಯಿಲ್ಲ. ಅವಳಿಗೂ ಪೂರ್ಣ ಟಿಕೆಟ್ಟನ್ನೇ ಹಿಡಿದರೆ ಮೊತ್ತ ಐದು.

ಎರಡೂವರೆಗಿಂತ ಐದು ದೊಡ್ಡದು, ಆದರೆ ಎಸ್.ಟಿ.ಯೇ ಅಗ್ಗವೆಂದು ಇಲ್ಲಿಗೇ ನಿರ್ಣಯಿಸುವಂತಿಲ್ಲ. ಸಂಖ್ಯೆಯನ್ನು ದರದಿಂದ ಗುಣಿಸಬೇಕು. ಐದು ಎಂಬುದು ಎರಡೂವರೆಯ ಸರಿಯಾಗಿ ಎರಡು ಪಟ್ಟು. ಎಂದರೆ ಎಸ್.ಟಿ.ಯ ಒಂದು ಟಿಕೆಟ್ಟಿನ ಬೆಲೆಯು ರೈಲಿನ ಸ್ಲೀಪರ್ ಟಿಕೆಟ್ಟಿನ ಎರಡು ಪಟ್ಟು ಇದ್ದರೆ ಎರಡೂ ಸಮ. ಎರಡು ಪಟ್ಟಿಗಿಂತ ಹೆಚ್ಚಿದ್ದರೆ ರೈಲು ಲಾಭ, ಕಡಿಮೆಯಿದ್ದರೆ ಎಸ್.ಟಿ. ಲಾಭ. ಹೊರಡುವ ದಿನದ ಎರಡು ದರಗಳನ್ನು ಕೇಳಿಕೊಂಡರೆ ಏಳನೆಯ ತರಗತಿಯ ಮಗುವೂ ಮನೆಯವರಿಗೆ ಉತ್ತರ ಹೇಳಬಲ್ಲದು. ಹೆಣ್ಣುಮಕ್ಕಳೂ ವೃದ್ಧರೂ ಹೆಚ್ಚಿರುವ ಮನೆಗೆ ಎಸ್.ಟಿ. ಅನುಕೂಲ, ಗಂಡಸರೇ ಹೆಚ್ಚಿರುವ ಮನೆಗೆ ರೈಲು ಅನುಕೂಲ.

ರೈಲಿನ ಟಿಕೆಟ್ಟು ಕೊಳ್ಳುವಾಗ

ನಮಗೆ ಮಿರಜ ಜಂಕ್ಷನ್ ಹತ್ತಿರದಲ್ಲಿರುವುದು ಒಂದು ಭಾಗ್ಯವೇ ಸರಿ. ಬೆಂಗಳೂರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, ಮುಂಬಯಿಗೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಇಲ್ಲಿಂದಲೇ ಸಿಗುತ್ತವೆ. 2024ರ ನವೆಂಬರ್ 1ರಿಂದ ಮುಂಗಡ ಕಾದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಪ್ರಯಾಣದ ದಿನ ಇದರಲ್ಲಿ ಸೇರದು. ಮೇ 1ರಂದು ಹೊರಡುವವರಿಗೆ ಮಾರ್ಚ್ 2ರಂದು ಕಿಟಕಿ ತೆರೆಯುತ್ತದೆ. ರಜೆಯ ದಿನಗಳಲ್ಲಿ ಆ ದಿನವನ್ನು ತಪ್ಪಿಸಿಕೊಂಡರೆ ಆರು ಜನರಿಗೆ ಒಟ್ಟಿಗೆ ಜಾಗ ಸಿಗುವುದು ಕಷ್ಟ.

ಇಲ್ಲಿ ಒಂದು ಸೂಕ್ಷ್ಮವನ್ನು ಎಲ್ಲರೂ ಅರಿತಿರಬೇಕು. 60 ವರ್ಷ ದಾಟಿದ ಪುರುಷರಿಗೂ 45 ದಾಟಿದ ಸ್ತ್ರೀಯರಿಗೂ ಕೆಳಗಿನ ಬರ್ತಿನ ಮೀಸಲು ಪಾಲು ಇದೆ. ಆದರೆ ಒಂದೇ ಟಿಕೆಟ್ಟಿನಲ್ಲಿ ಅಂಥವರು ಒಬ್ಬರು ಅಥವಾ ಇಬ್ಬರು ಮಾತ್ರ ಇದ್ದರೆ ಆ ಪಾಲು ದೊರೆಯುತ್ತದೆ. ಮಕ್ಕಳು, ಮೊಮ್ಮಕ್ಕಳ ಜತೆ ಒಂದೇ ಅರ್ಜಿಯಲ್ಲಿ ಬರೆಸಿದರೆ ಆ ಹಕ್ಕು ಹೋಗುತ್ತದೆ. ಆದುದರಿಂದ ಅಜ್ಜ-ಅಜ್ಜಿಯರದು ಒಂದು ಟಿಕೆಟ್ಟು, ಉಳಿದವರದು ಇನ್ನೊಂದು ಎಂದು ಮಾಡುವುದು ಲೇಸು. ಡಬ್ಬಿ ಬೇರೆಯಾಗುವ ಸಂಭವ ಉಂಟು. ಮೊಣಕಾಲು ನೋಯುವ ಅಜ್ಜಿಗೆ ಮೇಲಿನ ಬರ್ತ್ ಬರುವುದಕ್ಕಿಂತ ಅದು ಎಷ್ಟೋ ಮೇಲು.

ಗಡಿಯ ಮನೆಯ ಲೆಕ್ಕ

ಈಗ ನಮ್ಮ ಭಾಗಕ್ಕೇ ವಿಶಿಷ್ಟವಾದ ಒಂದು ವಿಷಯಕ್ಕೆ ಬರುತ್ತೇನೆ. ಎಸ್.ಟಿ.ಯ ಅರ್ಧ ದರದ ಸವಲತ್ತು ಮಹಾರಾಷ್ಟ್ರದ ಗಡಿಯವರೆಗೆ ಮಾತ್ರ. ಬೆಳಗಾವಿಗೆ ಹೊರಟ ತಾಯಿಗೆ ಗಡಿಯ ಈಚೆಗೆ ಅರ್ಧ, ಆಚೆಗೆ ಪೂರ್ಣ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಪ್ರಯಾಣ ಉಚಿತ. ಆದರೆ ಅದು ಕರ್ನಾಟಕದ ನಿವಾಸಿಗಳಿಗೆ. ಬೇಡಗದ ತಾಯಿ ಮನೆಯಲ್ಲಿ ಕನ್ನಡ ನುಡಿಯುತ್ತಾರೆ, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುತ್ತಾರೆ. ಆದರೆ ಅವರ ಆಧಾರ ಚೀಟಿಯಲ್ಲಿರುವುದು ಸಾಂಗಲಿ ಜಿಲ್ಲೆ. ಕಾಗವಾಡಕ್ಕೆ ಲಗ್ನವಾಗಿ ಹೋಗಿ ಅಲ್ಲಿಯ ನಿವಾಸಿಯಾದ ತಂಗಿಗೆ ಸಿಗುವ ಸೊನ್ನೆ ದರದ ಟಿಕೆಟ್ಟು ಬೇಡಗದಲ್ಲಿಯೇ ಉಳಿದ ಅಕ್ಕನಿಗೆ ಸಿಗದು.

ಇದನ್ನು ನಾನು ದೂರಾಗಿ ಬರೆಯುತ್ತಿಲ್ಲ. ಟಿಕೆಟ್ಟು ಕೇಳುವುದು ಭಾಷೆಯನ್ನಲ್ಲ, ವಿಳಾಸವನ್ನು. ಯೋಜನೆಗೆ ಹಣ ಕೊಡುವ ಸರ್ಕಾರವು ತನ್ನ ನಿವಾಸಿಗಳನ್ನು ಎಣಿಸುವುದು ಸಹಜ. ಆದರೆ ಇದು ಮೊದಲೇ ತಿಳಿದಿರದಿದ್ದರೆ ತುಂಬಿದ ಬಸ್ಸಿನಲ್ಲಿ ನಿರ್ವಾಹಕರು ಚೀಟಿ ನೋಡಿ ‘ನಿಮಗೆ ಬರುವುದಿಲ್ಲಮ್ಮ’ ಎಂದಾಗ ತಾಯಿಯ ಮುಖ ಬಾಡುತ್ತದೆ. ಮಕ್ಕಳು ಅದನ್ನು ನೋಡುತ್ತಾರೆ. ಹಣದ ನಷ್ಟ ಅಲ್ಪ, ಮನಸ್ಸಿನ ನಷ್ಟ ದೊಡ್ಡದು. ಮನೆಯಿಂದ ಹೊರಡುವಾಗಲೇ ಕರ್ನಾಟಕದ ಬಸ್ಸಿಗೆ ತಾಯಿಗೂ ಅಜ್ಜಿಗೂ ಪೂರ್ಣ ದರವನ್ನು ಲೆಕ್ಕದಲ್ಲಿ ಹಿಡಿದರೆ ಆ ಪ್ರಸಂಗವೇ ಬಾರದು.

ಬೆಂಗಳೂರಿನಲ್ಲಿ ಒಂದು ದಿನ

ಬೆಳಿಗ್ಗೆ ರೈಲಿಳಿದು ಎದುರಿನ ಮೆಜೆಸ್ಟಿಕ್‌ಗೆ ಬಂದರೆ ನಗರದ ಬಸ್ಸೂ ಮೆಟ್ರೊ ರೈಲೂ ಅಲ್ಲಿಯೇ ಉಂಟು. ಲಾಲ್‌ಬಾಗ್, ಕಬ್ಬನ್ ಉದ್ಯಾನ, ಅದರ ಸಮೀಪದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಹೊರಗಿನಿಂದ ವಿಧಾನಸೌಧ: ಮಕ್ಕಳಿಗೆ ಒಂದು ದಿನಕ್ಕೆ ಇಷ್ಟು ಸಾಕು.

ಇಲ್ಲಿ ನಮ್ಮ ಮನೆಯ ಪಟ್ಟಿ ಮತ್ತೆ ಬದಲಾಗುತ್ತದೆ. ನಗರದ ಬಸ್ಸಿನಲ್ಲಿ ಮಗನಿಗೆ ಟಿಕೆಟ್ಟಿಲ್ಲ, ಮಗಳಿಗೆ ಅರ್ಧ. ಮೆಟ್ರೊದಲ್ಲಿ ಅರ್ಧ ಟಿಕೆಟ್ಟೆಂಬುದಿಲ್ಲ. ಅಲ್ಲಿ ಅಳತೆ ವಯಸ್ಸಿನದಲ್ಲ, ಎತ್ತರದ್ದು. ಮೂರು ಅಡಿಗಿಂತ ಕುಳ್ಳಗಿರುವ ಮಗುವಿಗೆ ಮಾತ್ರ ಉಚಿತ. ನಾಲ್ಕು ವರ್ಷದ ಮಗು ಸಾಮಾನ್ಯವಾಗಿ ಮೂರು ಅಡಿಯನ್ನು ದಾಟಿರುತ್ತದೆ. ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಸೊನ್ನೆಯಾಗಿದ್ದ ಹುಡುಗ ಇಲ್ಲಿ ಪೂರ್ಣ ಪ್ರಯಾಣಿಕನಾಗುತ್ತಾನೆ. ಹೊರಡುವ ಮೊದಲು ಗೋಡೆಗೆ ನಿಲ್ಲಿಸಿ ಅಳೆಯಿರಿ. ಅದೂ ಒಂದು ಪಾಠವೇ.

ಎರಡರಿಂದ ನಾಲ್ಕು ಕಿಲೋಮೀಟರಿನ ಒಂದು ಸಲದ ಓಡಾಟವನ್ನು ಲೆಕ್ಕಿಸೋಣ. 2025ರ ಜನವರಿಯಲ್ಲಿ ಏರಿದ ದರದಂತೆ ಸಾಮಾನ್ಯ ಬಸ್ಸಿಗೆ 12 ರೂಪಾಯಿ. ನಾಲ್ವರು ಹಿರಿಯರಿಗೆ 48, ಮಗಳಿಗೆ 6, ಒಟ್ಟು 54. ಕರ್ನಾಟಕದ ಇಂಥದೇ ಕುಟುಂಬಕ್ಕೆ ಶಕ್ತಿ ಯೋಜನೆಯಿಂದಾಗಿ ಗಂಡಸರಿಬ್ಬರ 24 ಮಾತ್ರ. ಅದೇ ದೂರಕ್ಕೆ 2025ರ ಫೆಬ್ರವರಿ 9ರಂದು ಜಾರಿಯಾದ ಪಟ್ಟಿಯಂತೆ ಮೆಟ್ರೊ ದರ 20. ಆರು ಜನರಿಗೆ 120. ಮೊಬೈಲಿನಲ್ಲಿ ಆರು ಜನರವರೆಗೆ ಒಂದೇ ಗುಂಪು ಟಿಕೆಟ್ಟು ಕೊಂಡರೆ ನೂರಕ್ಕೆ 5 ಕಡಿತ, ಆಗ 114. ಸ್ಮಾರ್ಟ್ ಕಾರ್ಡಿನಿಂದ ಒಂದು ಸಲಕ್ಕೆ ಒಬ್ಬರೇ ಹೋಗಬಹುದಾದ್ದರಿಂದ ಒಂದೆರಡು ದಿನಕ್ಕೆ ಬಂದ ಕುಟುಂಬಕ್ಕೆ ಅದು ಹೊಂದದು. ಆಟೊದಲ್ಲಿ ಮೂವರೇ ಕೂಡಬೇಕು. ಆರು ಜನರಿಗೆ ಎರಡು ಆಟೊ. 2025ರ ಆಗಸ್ಟ್ 1ರ ದರದಂತೆ ಮೊದಲ ಎರಡು ಕಿಲೋಮೀಟರಿಗೆ 36, ಮುಂದೆ ಪ್ರತಿ ಕಿಲೋಮೀಟರಿಗೆ 18. ನಾಲ್ಕು ಕಿಲೋಮೀಟರಿಗೆ ಒಂದಕ್ಕೆ 72, ಎರಡಕ್ಕೆ 144. ಹೀಗೆ 54, 114, 144 ಎಂಬ ಮೂರು ಅಂಕಿಗಳು ನಮ್ಮ ಮುಂದಿವೆ.

ಇನ್ನು ದಿನದ ಪಾಸು. ಸಾಮಾನ್ಯ ಬಸ್ಸಿನ ದಿನದ ಪಾಸಿಗೆ 2025ರ ಜನವರಿಯಿಂದ 80 ರೂಪಾಯಿ. ‘ಇಡೀ ದಿನ ಎಷ್ಟಾದರೂ ತಿರುಗಿರಿ’ ಎಂಬ ಮಾತು ಕಿವಿಗೆ ಇಂಪಾಗಿದೆ. ಆದರೆ ಪಾಸಿನ ಬೆಲೆಯನ್ನು ಒಂದು ಸಲದ ದರದಿಂದ ಭಾಗಿಸಿ ನೋಡಿ. 12 ರೂಪಾಯಿಯ ಓಡಾಟವಾದರೆ ಏಳನೆಯ ಸಲಕ್ಕೆ ಲಾಭ ಆರಂಭ. 18ರದಾದರೆ ಐದನೆಯ ಸಲಕ್ಕೆ. ಮುದುಕರೂ ಮಕ್ಕಳೂ ಇರುವ ಮನೆಯವರು ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಸ್ಸು ಹತ್ತಿ ಇಳಿಯಲಾರರು. ಹತ್ತಿರದ ಸ್ಥಳಗಳ ದಿನದಂದು ನಾಲ್ವರ ಪಾಸಿಗೆ 320 ಕೊಡುವ ಬದಲು ಬಿಡಿ ಟಿಕೆಟ್ಟಿಗೆ 192 ಸಾಕು. ಅರ್ಧ ದರದ ಮಗಳಿಗಂತೂ 80ರ ಪಾಸು ಲಾಭವಾಗಲು ಹದಿನಾಲ್ಕು ಸಲ ಬಸ್ಸು ಹತ್ತಬೇಕು! ಬನ್ನೇರುಘಟ್ಟದಂಥ ದೂರದ ಸ್ಥಳಕ್ಕೆ ಹೋಗಿಬಂದು ಅದೇ ದಿನ ಇನ್ನೆರಡು ಕಡೆ ಹೋಗುವವರಿಗೆ ಪಾಸು ಸಾರ್ಥಕ.

ಮುಂಬಯಿಯ ಪಾಠ

ಮುಂಬಯಿಯ ಲೋಕಲ್ ರೈಲಿನಲ್ಲಿ ಒಂದು, ಮೂರು, ಐದು ದಿನಗಳ ಪ್ರವಾಸಿ ಟಿಕೆಟ್ಟುಗಳುಂಟು. ಎರಡನೆಯ ದರ್ಜೆಗೆ ಒಂದು ದಿನಕ್ಕೆ 75 ರೂಪಾಯಿ, ಐದು ದಿನಕ್ಕೆ 135. ಆದರೆ ಅಲ್ಲಿಯ ಬಿಡಿ ಟಿಕೆಟ್ಟು ದೇಶದಲ್ಲಿಯೇ ಅತಿ ಅಗ್ಗದವುಗಳಲ್ಲೊಂದು: ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ ದಾದರಿಗೆ ಕೇವಲ 5 ರೂಪಾಯಿ. 75ನ್ನು 5ರಿಂದ ಭಾಗಿಸಿದರೆ ಹದಿನೈದು ಸಲ! ಒಂದು ದಿನದ ಪ್ರವಾಸಿ ಟಿಕೆಟ್ಟು ಇಂಥವರಿಗೆ ನಷ್ಟವೇ. 10 ರೂಪಾಯಿಯ ದೂರಗಳಿಗೆ ಐದು ದಿನದಲ್ಲಿ ಹದಿನಾಲ್ಕು ಸಲ, ಎಂದರೆ ದಿನಕ್ಕೆ ಸುಮಾರು ಮೂರು ಸಲ ಓಡಾಡುವವರಿಗೆ ಐದು ದಿನದ ಟಿಕೆಟ್ಟು ಲಾಭ. ಸಾಲಿನಲ್ಲಿ ನಿಲ್ಲುವುದೂ ತಪ್ಪುತ್ತದೆ. ಮುಂಬಯಿಯ ಬೆಸ್ಟ್ ಬಸ್ಸಿನ ಕನಿಷ್ಠ ದರವು 2025ರ ಮೇ 9ರಿಂದ 5ರಿಂದ 10 ರೂಪಾಯಿಗೆ ಏರಿದೆ. ಅದರ ದಿನದ ಪಾಸಿಗೂ ಇದೇ ಭಾಗಾಕಾರವನ್ನು ಮಾಡಬೇಕು. ಬೆಳಿಗ್ಗೆ ಹನ್ನೊಂದರವರೆಗೆ ಮತ್ತು ಸಂಜೆ ಐದರ ನಂತರ ಮಕ್ಕಳೊಡನೆ ಲೋಕಲ್ ಹತ್ತುವ ಸಾಹಸ ಬೇಡ.

ಎಸ್.ಟಿ.ಯ ‘ಆವಡೇಲ ತೇಥೇ ಪ್ರವಾಸ’ ಎಂಬ ನಾಲ್ಕು ಮತ್ತು ಏಳು ದಿನಗಳ ಪಾಸು ಜನಪ್ರಿಯವಾಗಿದೆ. ಹಲವು ಊರು ಸುತ್ತುವವರಿಗೆ ಅದು ಉತ್ತಮ. ಆದರೆ ಸ್ತ್ರೀಯರು ಪಾಸಿನ ಬೆಲೆಯನ್ನು ತಮ್ಮ ಅರ್ಧ ದರದೊಂದಿಗೆ ಹೋಲಿಸಬೇಕೇ ಹೊರತು ಪೂರ್ಣ ದರದೊಂದಿಗಲ್ಲ.

ಲೆಕ್ಕದ ಹೊರಗಿನದು

ಗಣಿತದ ಶಿಕ್ಷಕನಾಗಿಯೂ ನಾನು ಹೇಳುತ್ತೇನೆ: ಎಲ್ಲಕ್ಕಿಂತ ಕಡಿಮೆ ಅಂಕಿಯೇ ಉತ್ತರವಲ್ಲ. ಬೆಳಗಿನ ಹುರುಪಿನಲ್ಲಿ 54ರ ಬಸ್ಸು ಸರಿ. ಮಧ್ಯಾಹ್ನ ಬಿಸಿಲೇರಿದಾಗ 114ರ ಮೆಟ್ರೊ ಸರಿ. ಮಕ್ಕಳಿಗೆ ಅದನ್ನು ಕಾಣುವುದೇ ಒಂದು ಪ್ರವಾಸ. ಸಂಜೆ ಅಜ್ಜನ ಕಾಲು ಸೋತಾಗ 144ರ ಆಟೊವೇ ಸರಿ. ಹಗಲಿನ ಲೆಕ್ಕದಲ್ಲಿ ಉಳಿಸಿದ ಹಣ ಇರುವುದು ಇಂಥ ಹೊತ್ತಿಗೇ. ಮಿತವ್ಯಯವೆಂದರೆ ಹಿರಿಯರನ್ನು ನಡೆಸುವುದಲ್ಲ; ಬೇಡದ ಕಡೆ ಉಳಿಸಿ ಬೇಕಾದ ಕಡೆ ಕೊಡುವುದು.

ದರಗಳು ಏರುತ್ತವೆ, ಯೋಜನೆಗಳು ಬದಲಾಗುತ್ತವೆ. ಗುಣಾಕಾರ, ಭಾಗಾಕಾರಗಳು ಬದಲಾಗವು. ಹೊರಡುವ ವಾರದಲ್ಲಿ ಹೊಸ ದರ ಕೇಳಿ ಈ ಅಂಕಿಗಳ ಜಾಗದಲ್ಲಿ ಬರೆದುಕೊಳ್ಳಬೇಕು.

ಅಭ್ಯಾಸ

1. ನಿಮ್ಮ ಮನೆಯವರ ಪಟ್ಟಿ ಬರೆದು, ಎಸ್.ಟಿ.ಗೆ ಎಷ್ಟು ಟಿಕೆಟ್ಟು, ರೈಲಿಗೆ ಎಷ್ಟು ಎಂದು ಕಂಡುಹಿಡಿಯಿರಿ. ಎಸ್.ಟಿ. ದರವು ರೈಲಿನ ದರದ ಎಷ್ಟು ಪಟ್ಟು ಇದ್ದರೆ ಎರಡೂ ಸಮವಾಗುತ್ತವೆ?

2. ಬೆಂಗಳೂರಿನ ನಗರ ಬಸ್ಸಿನಲ್ಲಿ ಒಂದು ದಿನ 18 ರೂಪಾಯಿಯ ಎರಡು, 12 ರೂಪಾಯಿಯ ಮೂರು ಓಡಾಟಗಳಿವೆ. ಒಬ್ಬ ಹಿರಿಯರಿಗೆ 80ರ ಪಾಸು ಲಾಭವೇ, ನಷ್ಟವೇ? ಎಷ್ಟು?

3. ನಿಮ್ಮ ತಮ್ಮನ ಅಥವಾ ತಂಗಿಯ ಎತ್ತರವನ್ನು ಅಳೆಯಿರಿ. ಮೆಟ್ರೊದಲ್ಲಿ ಅವರಿಗೆ ಟಿಕೆಟ್ಟು ಬೇಕೇ?

4. ಮೇ 10ರಂದು ಮಿರಜದಿಂದ ಹೊರಡಬೇಕು. ರೈಲಿನ ಟಿಕೆಟ್ಟು ಕಾದಿರಿಸಲು ಯಾವ ದಿನ ಕಿಟಕಿ ತೆರೆಯುತ್ತದೆ?

ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದ ಮಗು ಆ ಕಾಗದವನ್ನು ತಂದೆಯ ಕೈಗೆ ಕೊಡಲಿ. ‘ಮುಂದಿನ ವರ್ಷ’ ಎಂಬ ಮಾತು ಈ ವರ್ಷಕ್ಕೇ ಬಂದೀತು.