ವೃತ್ತದೊಳಗೆ ಕಾಲಿಡುವ ಮುನ್ನ

ಮಾಟವಿದ್ಯೆಯ ಆಧುನಿಕ ಪಂಥವಾದ ವಿಕ್ಕಾದಲ್ಲಿ ‘ಕೋವೆನ್’ ಎಂದರೆ ಒಟ್ಟಿಗೆ ಪೂಜಿಸುವ ಪುಟ್ಟ ಬಳಗ. ರೂಢಿಯಂತೆ ಹೆಚ್ಚೆಂದರೆ 13 ಮಂದಿ. ಕಪ್ಪು ಹಿಡಿಯ ಚೂರಿಯಿಂದ ಸುತ್ತ ವೃತ್ತ ಬರೆದು ಅದರೊಳಗೆ ಕೈಕೈ ಹಿಡಿದು ನಿಲ್ಲುವವರಿಗೆ ಒಬ್ಬರ ಮೇಲೊಬ್ಬರಿಗೆ ಭರವಸೆ ಬೇಕೇ ಬೇಕು.

ಸೇರುವವರು ಅವಸರಪಡಬಾರದು. ಹಲವು ಬಳಗಗಳು ದೀಕ್ಷೆಗೆ ಮುನ್ನ ಒಂದು ವರ್ಷ ಒಂದು ದಿನ ಕಾಯಿಸುತ್ತವೆ. ಅಷ್ಟರಲ್ಲಿ ಶಿಷ್ಯರೂ ಗುರುಗಳನ್ನು ಅಳೆದು ನೋಡಬಹುದು. ದೀಕ್ಷೆಗೆಂದು ದುಡ್ಡು ಕೇಳಿದರೆ, ಮನಸ್ಸಿಲ್ಲದಿದ್ದರೂ ಮೈಮುಟ್ಟಿದರೆ, ಆ ಕ್ಷಣವೇ ಎದ್ದು ಬರಬೇಕು.

ಬಳಗ ಕಟ್ಟುವವರು ಕಟ್ಟುಪಾಡುಗಳನ್ನು ಮೊದಲೇ ಕೂತು ಮಾತಾಡಿಕೊಳ್ಳಲಿ; ಇಲ್ಲವಾದರೆ ಬಳಗವೇ ಒಡೆಯಬಹುದು. ಇಂಗ್ಲೆಂಡಿನ ಬ್ರಿಕೆಟ್ ವುಡ್ ಬಳಗ ಕಟ್ಟಿದ ಜೆರಾಲ್ಡ್ ಗಾರ್ಡ್ನರ್ ಪತ್ರಿಕೆಯವರೆದುರು ಮಾತಾಡುತ್ತಿದ್ದುದು ಅದೇ ಬಳಗದ ಪ್ರಧಾನ ಅರ್ಚಕಿ ಡೊರೀನ್ ವ್ಯಾಲಿಯೆಂಟೆ ಅವರಿಗೆ ಹಿಡಿಸಲಿಲ್ಲ. ಮನಸ್ತಾಪ ಬೆಳೆದ ಮೇಲೆ ಗಾರ್ಡ್ನರ್ ‘ಹಳೆಯ ನಿಯಮಗಳು’ ಎಂದು ಪಟ್ಟಿಯೊಂದನ್ನು ಮುಂದಿಟ್ಟರು. ಅದನ್ನು ಒಪ್ಪದ ಡೊರೀನ್ 1957ರಲ್ಲಿ ಬಳಗ ಬಿಟ್ಟು ಹೊರನಡೆದರು.