ವಟ್ವಾದಿಂದ ಪಡುವಣಕ್ಕೆ: ಜಿಲ್ಲೆಯ ಪಟ್ಟಿ ಬಿಟ್ಟು ನೆಲ ಹಿಡಿದು ಹೊರಡಿ

ಅಹಮದಾಬಾದಿನ ಆಗ್ನೇಯ ಮೂಲೆಯ ವಟ್ವಾದಲ್ಲಿ ನೆಂಟರೋ ನೌಕರಿಯೋ ಇರುವ ಕನ್ನಡಿಗರಿಗೆ ಒಂದು ವಾರ ಬಿಡುವು ಸಿಕ್ಕರೆ ಕಛ್, ಸೌರಾಷ್ಟ್ರದ ಕಡೆ ಕಣ್ಣು ಹೋಗುವುದು ಸಹಜ. ಹೊರಡುವ ಮುನ್ನ ಹೆಚ್ಚಿನವರು ಜಿಲ್ಲಾವಾರು ಪಟ್ಟಿ ಬರೆಯುತ್ತಾರೆ. ಪ್ರವಾಸ ಕೆಡುವುದು ಅಲ್ಲಿಂದಲೇ. ಈ ಒಣನಾಡಿನಲ್ಲಿ ದಾರಿ, ಋತು, ತಂಗುವ ಊರು ಎಲ್ಲವನ್ನೂ ತೀರ್ಮಾನಿಸುವುದು ನೆಲ. ಜಿಲ್ಲೆಗಳಾದರೋ ನಿಂತಲ್ಲಿ ನಿಂತಿಲ್ಲ. 1948ರಲ್ಲಿ ಇನ್ನೂರಕ್ಕೂ ಹೆಚ್ಚು ದೊಡ್ಡ ಚಿಕ್ಕ ಸಂಸ್ಥಾನಗಳನ್ನು ಕೂಡಿಸಿ, ರಾಜಕೋಟ್ ರಾಜಧಾನಿಯಾಗಿ ಸೌರಾಷ್ಟ್ರ ರಾಜ್ಯ ಕಟ್ಟಿದರು. ಕಛ್ ಆಗ ಕೇಂದ್ರದ ಉಸ್ತುವಾರಿಯ ಬೇರೆಯೇ ರಾಜ್ಯ. ನಾವು ರಾಜ್ಯೋತ್ಸವ ಆಚರಿಸುತ್ತೇವಲ್ಲ, ಅದೇ 1956ರ ನವೆಂಬರ್ 1ರಂದು ಎರಡೂ ಮುಂಬಯಿ ರಾಜ್ಯಕ್ಕೆ ಸೇರಿದವು. 1960ರ ಮೇ 1ರಂದು ಗುಜರಾತ್ ಬೇರೆಯಾಯಿತು. 2013ರಲ್ಲಿ ಮೋರ್ಬಿ, ಬೋಟಾದ್, ದೇವಭೂಮಿ ದ್ವಾರಕಾ, ಗೀರ್ ಸೋಮನಾಥ ಸೇರಿ ಏಳು ಹೊಸ ಜಿಲ್ಲೆಗಳಾದವು. 2025ರಲ್ಲಿ ಬನಾಸಕಾಂಠಾ ಒಡೆದು ವಾವ್-ಥರಾದ್ ಆಯಿತು. ಹಳೆಯ ಪ್ರವಾಸಿ ಪುಸ್ತಕಗಳಲ್ಲಿ ದ್ವಾರಕೆ ಇನ್ನೂ ಜಾಮನಗರ ಜಿಲ್ಲೆಯಲ್ಲೇ ಇದೆ.

ವಟ್ವಾ ಇರುವುದು ಸಾಬರಮತಿ ತಂದು ಹಾಸಿದ ಮೆಕ್ಕಲು ಬಯಲಿನಲ್ಲಿ. ಇಲ್ಲಿನ ಜಿಐಡಿಸಿ ಕೈಗಾರಿಕಾ ವಸಾಹತು ಬಣ್ಣ, ರಾಸಾಯನಿಕಗಳ ಕಾರ್ಖಾನೆಗಳಿಗೆ ಹೆಸರಾದದ್ದು. ನೋಡಲು ಏನೂ ಇಲ್ಲವೆಂದು ಯಾರಾದರೂ ಅಂದರೆ 15ನೇ ಶತಮಾನದ ಸೂಫಿ ಕುತ್ಬ್-ಎ-ಆಲಮರ ರೋಜಾ, ಅಂದರೆ ಗೋರಿ, ತೋರಿಸಿ. ನೈಋತ್ಯಕ್ಕೆ ಬಗೋದರಾ ದಾರಿ ಹಿಡಿದರೆ ಮಣ್ಣು ಕಪ್ಪಾಗುತ್ತದೆ, ಮರಗಳು ಕಡಿಮೆಯಾಗುತ್ತವೆ. ಇದು ಭಾಲ್ ಪ್ರದೇಶ. ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡ ನೆಲದಲ್ಲಿ ನೀರು ಹಾಯಿಸದೆ ಗೋಧಿ ಬೆಳೆಯುವ ಸೀಮೆ. ಅಹಮದಾಬಾದ್, ಸುರೇಂದ್ರನಗರ ಜಿಲ್ಲೆಗಳೆರಡಕ್ಕೂ ಚಾಚಿಕೊಂಡ ನಳ ಸರೋವರ ಈ ತಗ್ಗಿನಲ್ಲೇ ಇದೆ. ಖಂಭಾತ್ ಕೊಲ್ಲಿಯನ್ನೂ ಕಛ್‌ನ ಚಿಕ್ಕ ರಣವನ್ನೂ ಒಮ್ಮೆ ಸಮುದ್ರದ ನೀರು ಕೂಡಿಸಿತ್ತು, ಈ ಸರೋವರ ಅದರ ಉಳಿಕೆ ಎಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಹಾಗೆ ನೋಡಿದರೆ ಹರಪ್ಪ ಕಾಲದ ಊರಾದ ಲೋಥಲ್‌ನ ಇಟ್ಟಿಗೆಯ ಕಟ್ಟೆ ಕಡಲಿನಿಂದ ಇಷ್ಟು ದೂರ ಏಕೆ ಎಂಬ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತಾಯಿತು. ಅದನ್ನು 1955ರಿಂದ ಅಗೆಸಿ ಹಡಗುಕಟ್ಟೆ ಎಂದು ಸಾರಿದವರು ನಮ್ಮವರೇ ಆದ ಶಿಕಾರಿಪುರ ರಂಗನಾಥ ರಾವ್. ಅದು ಹಡಗುಕಟ್ಟೆಯಲ್ಲ, ಬರೀ ಕೆರೆ ಎನ್ನುವ ವಿದ್ವಾಂಸರೂ ಇದ್ದಾರೆ. ಕಟ್ಟೆಯ ಅಂಚಿನಲ್ಲಿ ನಿಂತು, ಸುತ್ತಲಿನ ಬಯಲು ಎಷ್ಟು ಸಮತಟ್ಟಾಗಿದೆ ಎಂದು ನೋಡಿದ ಮೇಲೆ ಪಕ್ಷ ವಹಿಸಿ. ವಟ್ವಾದಿಂದ ಬೆಳಿಗ್ಗೆ ಹೊರಟರೆ ಸರೋವರ, ಲೋಥಲ್ ಎರಡನ್ನೂ ಮುಗಿಸಿ ರಾತ್ರಿಗೆ ಮನೆ ಸೇರಬಹುದು.

ಜಿಲ್ಲೆಯ ಪಟ್ಟಿ ಪೂರಾ ಸೋಲುವುದು ಚಿಕ್ಕ ರಣದಲ್ಲಿ. ಸುಮಾರು 5,000 ಚದರ ಕಿಲೋಮೀಟರಿನ ಈ ಉಪ್ಪುಬಯಲು ಕಡಿಮೆಯೆಂದರೂ ಐದು ಜಿಲ್ಲೆಗಳಿಗೆ ಹಂಚಿಹೋಗಿದೆ. ಕಛ್ ಮುಗಿಸಿ ಕೊನೆಗೆ ನೋಡೋಣ ಎಂದು ಇಡುವವರು ಸುಮ್ಮನೆ ಸುತ್ತುತ್ತಾರೆ. ಇಲ್ಲಿನ ಕಾಡುಕತ್ತೆಯ ಅಭಯಾರಣ್ಯಕ್ಕೆ ವೀರಮಗಾಮ್, ಪಾಟಡಿ ಮೇಲೆ ಹೋಗುವುದು ಸಲೀಸು, ಅದೂ ಅಹಮದಾಬಾದಿನಿಂದ ನೂರು ಕಿಲೋಮೀಟರಿನ ಆಸುಪಾಸು. ಜೂನ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬಾಗಿಲು ಮುಚ್ಚಿರುತ್ತದೆ, ಏಕೆಂದರೆ ಆಗ ಅದು ಬಯಲಲ್ಲ, ಮೊಣಕಾಲು ನೀರಿನ ಕೆಸರು. ನೀರು ಇಳಿದಂತೆ ಉಪ್ಪು ತೆಗೆಯುವ ಅಗರಿಯಾ ಕುಟುಂಬಗಳು ಒಳಗೆ ಹೋಗಿ ಗುಡಿಸಲು ಹಾಕುತ್ತವೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರ ಕಂಡವರಿಗೆ ಇಲ್ಲಿನ ಉಪ್ಪು ಬೇರೆ ಬಗೆಯದೆಂದು ತಿಳಿಯುತ್ತದೆ: ಸಾಣಿಕಟ್ಟೆಯಲ್ಲಿ ಉಬ್ಬರದ ನೀರು ಒಳಗೆ ಬಿಡುತ್ತಾರೆ, ಇಲ್ಲಿ ನೆಲದಡಿಯ ಉಪ್ಪುನೀರನ್ನು ಬಾವಿಯಿಂದ ಪಂಪಿನಲ್ಲಿ ಎತ್ತಿ ಮಡಿಗೆ ಹಾಯಿಸಿ, ಹರಳು ಗಟ್ಟಿಯಾಗುವ ತನಕ ತಿಂಗಳುಗಟ್ಟಲೆ ಮರದ ಹಲುಬೆಯಿಂದ ಎಳೆಯುತ್ತಾರೆ. ಈ ಪಂಪುಗಳಲ್ಲಿ ಹಲವು ಈಗ ಸೌರಶಕ್ತಿಯವು. ಮಡಿಯ ಬದುವಿನ ಮೇಲೆ ಕೇಳದೆ ಕಾಲಿಡಬೇಡಿ.

ಕಛ್ ಒಂದೇ ಜಿಲ್ಲೆ. ಅಲ್ಲಾದರೂ ಪಟ್ಟಿ ನಡೆಯುತ್ತದಲ್ಲ ಎನ್ನಬಹುದು. ಆದರೆ 45,674 ಚದರ ಕಿಲೋಮೀಟರಿನ ಆ ಜಿಲ್ಲೆ ಹರಿಯಾಣಾ ರಾಜ್ಯಕ್ಕಿಂತ ದೊಡ್ಡದು. ಭುಜ್‌ನಿಂದ ಬಡಗಣಕ್ಕೆ ಹೋದರೆ ಮೊದಲು ಬನ್ನಿಯ ಹುಲ್ಲುಗಾವಲು, ಎಮ್ಮೆ ಸಾಕುವ ಮಾಲ್ಧಾರಿಗಳ ನಾಡು. ಆಮೇಲೆ ಧೋರ್ಡೊ ಬಳಿಯ ಬಿಳಿ ರಣ. ಅದರ ನಡುವೆ ದ್ವೀಪಗಳಂತೆ ಎದ್ದ ಪಚ್ಛಮ್, ಖದೀರ್ ಬೇಟ್‌ಗಳು. ನೆಲ ಕೂಡ ಸುಮ್ಮನಿದ್ದಿಲ್ಲ: 1819ರ ಜೂನ್‌ನ ಭೂಕಂಪ ರಣದಲ್ಲಿ ಅಲ್ಲಾ ಬಂಡ್ ಎಂಬ ಉದ್ದನೆಯ ದಿಣ್ಣೆಯನ್ನೇ ಎಬ್ಬಿಸಿತು, ಸಿಂದ್ರಿ ಕೋಟೆ ನೀರಲ್ಲಿ ಮುಳುಗಿತು. 2001ರ ಜನವರಿ 26ರದ್ದು ಎಲ್ಲರಿಗೂ ನೆನಪಿದೆ. ಖದೀರ್‌ನಲ್ಲಿರುವ ಧೋಲಾವೀರಾಕ್ಕೆ ಮೊದಲು ರಾಪರ್ ಮೇಲೆ ಬಳಸಿ ಹೋಗಬೇಕಿತ್ತು. ಈಗ ಖಾವಡಾದಿಂದ ರಣವನ್ನೇ ಸೀಳಿದ ರಸ್ತೆ ಇದೆ. ಎರಡು ಮಳೆಗಾಲದ ಹಳ್ಳಗಳಿಗೆ ಅಡ್ಡಕಟ್ಟೆ ಹಾಕಿ, ನೀರನ್ನು ಬಂಡೆ ಕೊರೆದ ಹೊಂಡಗಳಿಗೆ ತಿರುಗಿಸಿ ಬದುಕಿದ ಹರಪ್ಪ ನಗರ ಧೋಲಾವೀರಾ. ಅಲ್ಲಿಗೆ ಒಂದು ರಾತ್ರಿ ಮೀಸಲಿಡಿ, ಭುಜ್‌ಗೆ ಅದೇ ದಿನ ಮರಳುವ ಹಟ ಬೇಡ. ಹಾಗಾದರೆ ಜಿಲ್ಲೆಯಿಂದ ಏನೂ ಪ್ರಯೋಜನವಿಲ್ಲವೇ? ಇದೆ, ಕಾಗದಪತ್ರಕ್ಕೆ. ಗಡಿಯ ಸೀಮೆಯಾದ್ದರಿಂದ ಬಿಳಿ ರಣಕ್ಕೆ ಪರವಾನಗಿ ಬೇಕು, ಗುರುತಿನ ಚೀಟಿ ಕೈಯಲ್ಲಿರಲಿ. ರಣ ಒಣಗಿ ಬಿಳುಪೇರುವುದು ಡಿಸೆಂಬರಿನ ಹೊತ್ತಿಗೆ. ನವೆಂಬರಿನ ಮೊದಲಲ್ಲಿ ಹೋಗಿ ಬರೀ ಕೆಸರು ಕಂಡು ಬೈಯುವವರು ಬಹಳ.

ನರ್ಮದೆಯ ನೀರು ಬಂದಮೇಲೆ ಇದೆಲ್ಲ ಒಣನಾಡು ಎನ್ನುವುದೇ ಹಳೆಯ ಮಾತು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮುಖ್ಯ ಕಾಲುವೆ 458 ಕಿಲೋಮೀಟರ್ ಹರಿದು ರಾಜಸ್ಥಾನದ ಗಡಿ ಮುಟ್ಟುತ್ತದೆ. ಅಹಮದಾಬಾದಿನ ನದೀತೀರದ ಉದ್ಯಾನದೆದುರು ವರ್ಷವಿಡೀ ತುಂಬಿ ಕಾಣುವ ಸಾಬರಮತಿಯಲ್ಲಿ ಇರುವುದೂ ಬಹುಪಾಲು ಆ ನೀರೇ. ಆದರೆ ಕಾಲುವೆ ಹೊಲವನ್ನು ಹಸಿರು ಮಾಡಬಲ್ಲದು, ರಣದ ಪಂಚಾಂಗ ಬದಲಿಸಲಾರದು. ರಣದ ಅಂಚಿಗೆ ಕಾಲುವೆಯ ನೀರು ಉಕ್ಕಿ ಬಂದಾಗ ಅಗರಿಯಾಗಳ ಮಡಿ ಕರಗಿ ಹೋಗುವುದೂ ಉಂಟು.

ಸೌರಾಷ್ಟ್ರದ ಕಪ್ಪು ಶಿಲೆ ನಮ್ಮ ಬಿಜಾಪುರದ ಕಡೆಯ ಶಿಲೆಯ ಜಾತಿಯದೇ, ಹಾಗಾಗಿ ದಾರಿಯಲ್ಲಿ ಬೆರಗು ಕಡಿಮೆ; ಜುನಾಗಢಕ್ಕೆ ನೇರ ಹೋಗಿ. ಅಲ್ಲಿನ ಗಿರ್ನಾರ್ ಬೆಟ್ಟದ ದಾರಿಯ ಒಂದೇ ಬಂಡೆಯ ಮೇಲೆ ಅಶೋಕ, ರುದ್ರದಾಮ, ಸ್ಕಂದಗುಪ್ತ ಮೂವರ ಶಾಸನಗಳಿವೆ. ಕ್ರಿ.ಶ. 150ರ ಸುಮಾರಿನ ರುದ್ರದಾಮನ ಬರಹ, ಬಿರುಗಾಳಿ ಮಳೆಗೆ ಒಡೆದ ಸುದರ್ಶನ ಕೆರೆಯ ಏರಿಯನ್ನು ಪ್ರಜೆಗಳ ಮೇಲೆ ತೆರಿಗೆ ಹೇರದೆ ಕಟ್ಟಿಸಿದ ವಿಷಯ. ರಾಜ್ಯಗಳು ಬದಲಾದರೂ ಕೆರೆಯ ಚಿಂತೆ ಮಾತ್ರ ಆ ಬಂಡೆಯಲ್ಲಿ ಮುಂದುವರಿದಿದೆ. ಬೆಟ್ಟಕ್ಕೆ 2020ರಿಂದ ರೋಪ್‌ವೇ ಇದೆ. ಆದರೆ ಅದು ಅಂಬಾಜಿ ಗುಡಿಯವರೆಗೆ ಮಾತ್ರ. ದತ್ತಾತ್ರೇಯ ಶಿಖರಕ್ಕೆ ಅಲ್ಲಿಂದ ಮೆಟ್ಟಿಲು ಹತ್ತಿಳಿದೇ ಹೋಗಬೇಕು. ವಯಸ್ಸಾದವರು ಜೊತೆಗಿದ್ದರೆ ಮೊದಲ ಗಾಡಿಗೇ ಟಿಕೆಟ್ ತೆಗೆದುಕೊಳ್ಳಿ, ಗಾಳಿ ಜೋರಾದರೆ ಅದನ್ನೂ ನಿಲ್ಲಿಸಿಬಿಡುತ್ತಾರೆ.