ನಾಲೆ ಏರಿ ಮೇಲೆ ಸೈಕಲ್ ಗಂಟೆ ಕೇಳಿಸಿದಾಗ

ಕಾಲುವೆ ದಂಡೆಯ ದಾರಿಗೆ ಇಲ್ಲಿ ಟೋಪಾತ್ ಅನ್ನುತ್ತಾರೆ. ಅಪ್ಪನಿಗೆ ಅದು ಟೋಪಾತ್ ಅಲ್ಲ, ನಾಲೆ ಏರಿ. ಮಂಡ್ಯದ ಕಡೆ ವಿ.ಸಿ. ನಾಲೆ ಏರಿಯ ಮೇಲೆ ಐವತ್ತು ವರ್ಷ ಓಡಾಡಿದವರು. ಇಂಗ್ಲೆಂಡಿಗೆ ಬಂದ ಎರಡನೇ ದಿನವೇ ನಮ್ಮ ಮನೆ ಹಿಂದಿನ ಗ್ರ್ಯಾಂಡ್ ಯೂನಿಯನ್ ಕಾಲುವೆಯನ್ನು ಪತ್ತೆ ಮಾಡಿ, “ನೀರು ನಿಂತ್ಕಂಡೇ ಇದೆಯಲ್ಲೋ, ಗದ್ದೆಗೆ ಬಿಡಲ್ವಾ?” ಅಂತ ಕೇಳಿದರು. ಮಾರನೇ ದಿನದಿಂದ ಮಂಕಿ ಕ್ಯಾಪ್ ಹಾಕಿಕೊಂಡು ಬೆಳಿಗ್ಗೆ ಬೆಳಿಗ್ಗೆಯೇ ಹೊರಟುಬಿಡುತ್ತಿದ್ದರು.

ಆ ವಾರದ ಶನಿವಾರ ನಾನೂ ಜೊತೆಗಿದ್ದೆ. ಹಿಂದಿನಿಂದ ಸೈಕಲ್ ಗಂಟೆ ಕೇಳಿಸಿತು. ಊರಿನಲ್ಲಾದರೆ ಎಡಕ್ಕೆ ಸರಿಯುವುದು ಕಾಲಿಗೇ ಅಭ್ಯಾಸ. ಇಲ್ಲಿ ಎಡಗಡೆ ನೀರು. ಅಪ್ಪ ಗಾಬರಿಯಿಂದ ಬಲಕ್ಕೆ ಸರಿದರು. ಸೈಕಲ್ಲಿನವನೂ ಬಲಗಡೆಯಿಂದಲೇ ದಾಟಲು ಬರುತ್ತಿದ್ದ. ಹ್ಯಾಂಡಲ್ ಮೊಣಕೈಗೆ ಬಡಿದು ಅಪ್ಪ ಕುಸಿದು ಕೂತರು, ಕನ್ನಡಕ ಕಾಲುವೆಗೆ ಹೋಯಿತು. ಅವನು ಇಳಿದು ಎರಡು ಸಲ ಸಾರಿ ಹೇಳಿದ. “ಗಂಟೆ ಹೊಡೆದಿದ್ದೆನಲ್ಲ” ಅಂತಲೂ ಸೇರಿಸಿದ. ಆಮೇಲೆ ಹೊರಟುಹೋದ. ಹೆಸರು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕೇಳಲು ಕಾನೂನಿನ ಆಧಾರ ಇತ್ತೆಂದು ತಿಳಿದದ್ದು ಆಮೇಲೆ ಓದಿಕೊಂಡಾಗ. ಹಾಗೆ ಓದಿಕೊಂಡದ್ದನ್ನೇ, ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ಮತ್ತು ಆರು ತಿಂಗಳ ವೀಸಾದಲ್ಲಿ ಬಂದುಹೋಗುವ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ದಾರಿ ಯಾರದು?

ಈ ದಾರಿ ಸೈಕಲ್ಲಿಗಾಗಿ ಆದದ್ದಲ್ಲ, ವಾಕಿಂಗಿಗಾಗಿಯೂ ಅಲ್ಲ. ಸರಕು ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕುದುರೆಗಳಿಗಾಗಿ ಆದದ್ದು. ಲಂಡನ್ನಿನ ರೀಜೆಂಟ್ಸ್ ಕಾಲುವೆ ಪೂರ್ತಿಯಾಗಿ ತೆರೆದದ್ದು 1820ರಲ್ಲಿ. ಹಳೆಯ ಸೇತುವೆಗಳ ಕಮಾನಿನ ಮೂಲೆಯಲ್ಲಿ ಕೈಯಾಡಿಸಿ ನೋಡಿ, ಆ ಹಗ್ಗಗಳು ಉಜ್ಜಿ ಉಜ್ಜಿ ಕೊರೆದ ಗೀರುಗಳು ಬೆರಳಿಗೆ ಸಿಗುತ್ತವೆ. ಕಮಾನಿನ ಕೆಳಗೆ ಒಂದು ಕುದುರೆ ಹೋಗುವಷ್ಟೇ ಜಾಗ, ಆಚೆಯಿಂದ ಬರುವವರು ಕಾಣುವುದಿಲ್ಲ. ಆಫೀಸಿಗೆ ಹೋಗುವ ಸೈಕಲ್, ಮಗುವಿನ ಗಾಡಿ, ನಾಯಿ, ಓಟಗಾರರು, ಗಾಳ ಹಾಕಿ ಕೂತವರು ಎಲ್ಲರೂ ಈಗ ಇದೇ ಇಕ್ಕಟ್ಟಿನಲ್ಲಿ ಹಾದುಹೋಗಬೇಕು.

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸುಮಾರು 2,000 ಮೈಲಿ ಕಾಲುವೆ, ನದಿಗಳನ್ನು ನೋಡಿಕೊಳ್ಳುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್. 2012ರ ಜುಲೈನಲ್ಲಿ ಸರ್ಕಾರಿ ಸಂಸ್ಥೆಯಾಗಿದ್ದ ಬ್ರಿಟಿಷ್ ವಾಟರ್‌ವೇಸ್‌ನಿಂದ ಈ ಹೊಣೆ ವಹಿಸಿಕೊಂಡ ದತ್ತಿ ಸಂಸ್ಥೆ ಅದು. ಹೆಚ್ಚಿನ ಕಡೆ ದಂಡೆಯ ದಾರಿ ಈ ಟ್ರಸ್ಟಿನ ಸ್ವತ್ತು. ಅಲ್ಲಿ ನಾವು ಓಡಾಡುವುದು ಮಾಲೀಕರ ಅನುಮತಿಯ ಮೇಲೆ. ಕೆಲವು ಕಡೆ ಮಾತ್ರ ಅದು ಸಾರ್ವಜನಿಕ ಕಾಲುದಾರಿಯೆಂದು ದಾಖಲಾಗಿರುತ್ತದೆ. ನಮ್ಮಲ್ಲಿ ಗ್ರಾಮ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿ ಗುರುತಿಸಿರುತ್ತಾರಲ್ಲ, ಹಾಗೆ ಇಲ್ಲಿ ಕೌಂಟಿ ಕೌನ್ಸಿಲ್ಲುಗಳು ಡೆಫಿನಿಟಿವ್ ಮ್ಯಾಪ್ ಇಟ್ಟಿರುತ್ತವೆ. ಕೇಳಿದರೆ ತೋರಿಸುತ್ತಾರೆ.

ಈ ವ್ಯತ್ಯಾಸ ಗೊತ್ತಿಲ್ಲದೆಯೇ ಅರ್ಧ ಜಗಳಗಳು ಹುಟ್ಟುತ್ತವೆ. “ಇಲ್ಲಿ ಸೈಕಲ್ ಹೊಡೆಯೋದು ಅಪರಾಧ” ಅಂತ ಹಿರಿಯರೊಬ್ಬರು ಕೂಗುತ್ತಾರೆ. ಅವರ ಮನಸ್ಸಿನಲ್ಲಿರುವುದು 1835ರ ಹೈವೇಸ್ ಆಕ್ಟಿನ 72ನೇ ಸೆಕ್ಷನ್. ಅದು ವಾಹನ ರಸ್ತೆಯ ಪಕ್ಕದ ಫುಟ್‌ಪಾತಿಗೆ ಅನ್ವಯಿಸುವಂಥದ್ದು, ಹೊಲ ಗದ್ದೆಗಳ ನಡುವೆ ಒಂಟಿಯಾಗಿ ಹೋಗುವ ಕಾಲುವೆ ದಂಡೆಗಲ್ಲ. ಬರೀ ಕಾಲುದಾರಿಯ ಮೇಲೆ ಅನುಮತಿಯಿಲ್ಲದೆ ಸೈಕಲ್ ಹೊಡೆದರೆ ಅದು ಸಾಮಾನ್ಯವಾಗಿ ಜಮೀನಿನ ಒಡೆಯನ ವಿರುದ್ಧದ ಅತಿಕ್ರಮ, ಅಂದರೆ ಸಿವಿಲ್ ವಿಷಯ. ಒಡೆಯನಾದ ಟ್ರಸ್ಟೇ ತನ್ನ ಬಹುಪಾಲು ದಾರಿಗಳಲ್ಲಿ ಸೈಕಲ್ಲಿಗೆ ಒಪ್ಪಿಗೆ ಕೊಟ್ಟಿದೆ. ಹಿಂದೊಮ್ಮೆ ಇದಕ್ಕೆ ಪರ್ಮಿಟ್ ಬೇಕಿತ್ತು, ಈಗ ಬೇಡ. ಸ್ಕಾಟ್ಲೆಂಡಿನ ಕಥೆಯೇ ಬೇರೆ: ಅಲ್ಲಿ 2003ರ ಭೂ ಸುಧಾರಣಾ ಕಾಯ್ದೆಯೇ ಜವಾಬ್ದಾರಿಯಿಂದ ನಡೆಯುವವರಿಗೂ ಸೈಕಲ್ಲಿನವರಿಗೂ ಪ್ರವೇಶದ ಹಕ್ಕು ಕೊಟ್ಟಿದೆ.

ಆದ್ಯತೆ ನಡೆಯುವವರಿಗೆ

ಸೈಕಲ್ಲಿಗೆ ಅನುಮತಿ ಇದೆ ಎಂದಮಾತ್ರಕ್ಕೆ ದಾರಿ ಸೈಕಲ್ಲಿನದಾಗುವುದಿಲ್ಲ. 2022ರ ಜನವರಿ 29ರಂದು ಜಾರಿಗೆ ಬಂದ ಹೈವೇ ಕೋಡ್ (ಇಲ್ಲಿನ ರಸ್ತೆ ನಿಯಮಗಳ ಕೈಪಿಡಿ) ತಿದ್ದುಪಡಿ ಒಂದು ಏಣಿ ಹಾಕಿಕೊಟ್ಟಿದೆ: ಯಾರಿಂದ ಹೆಚ್ಚು ಅಪಾಯವೋ ಅವರ ಮೇಲೆ ಹೆಚ್ಚು ಹೊಣೆ. ಲಾರಿಯವನು ಕಾರಿನವನಿಗೆ, ಕಾರಿನವನು ಸೈಕಲ್ಲಿಗೆ, ಸೈಕಲ್ಲಿನವನು ನಡೆಯುವವರಿಗೆ ತಗ್ಗಬೇಕು. 63ನೇ ನಿಯಮ ಇನ್ನೂ ಸ್ಪಷ್ಟ. ನಡೆಯುವವರ ಹತ್ತಿರದಲ್ಲಿ, ವೇಗವಾಗಿ, ಅದರಲ್ಲೂ ಹಿಂದಿನಿಂದ ದಾಟಬಾರದು. ವೇಗ ಇಳಿಸಿ, ಗಂಟೆ ಹೊಡೆದೋ ಮಾತಾಡಿಯೋ ಬರುತ್ತಿರುವುದನ್ನು ತಿಳಿಸಬೇಕು. ಮುಂದಿರುವವರಿಗೆ ಕಿವಿ ಕೇಳದಿರಬಹುದು, ಕಣ್ಣು ಕಾಣದಿರಬಹುದು ಎಂದು ನೆನಪಿಡಬೇಕು.

ನಮ್ಮವರು ಎಡವುವುದು ಇಲ್ಲೇ. ಊರಿನಲ್ಲಿ ಗಂಟೆ ಅಂದರೆ ‘ದಾರಿ ಬಿಡು’. ಇಲ್ಲಿ ಅದಕ್ಕೆ ‘ನಾನು ಹಿಂದೆ ಇದ್ದೇನೆ’ ಎಂದಷ್ಟೇ ಅರ್ಥ. ಕೇಳಿಸಿದ ಕೂಡಲೇ ಹಾರಬೇಕಾಗಿಲ್ಲ. ಹೋಗುತ್ತಿದ್ದ ಗೆರೆಯಲ್ಲೇ ನಡೆಯುತ್ತಾ, ತಿರುಗಿ ನೋಡಿ, ಅನುಕೂಲವಾದ ಕಡೆ ನಿಧಾನವಾಗಿ ಸರಿದರೆ ಸಾಕು. ಅಲ್ಲಿಯವರೆಗೆ ಕಾಯುವುದು ಸೈಕಲ್ಲಿನವನ ಕೆಲಸ. ಅಂದಹಾಗೆ, ಇಲ್ಲಿ ಹೊಸ ಸೈಕಲ್ ಮಾರುವಾಗ ಗಂಟೆ ಇರಲೇಬೇಕೆಂಬ ಕಾನೂನಿದೆ, ಕೊಂಡವನು ಅದನ್ನು ಉಳಿಸಿಕೊಳ್ಳಬೇಕೆಂಬ ಕಾನೂನಿಲ್ಲ! ಮೋಟಾರು ವಾಹನಗಳ ವೇಗಮಿತಿಯೂ ಸೈಕಲ್ಲಿಗೆ ಅನ್ವಯಿಸುವುದಿಲ್ಲ.

ಹೈವೇ ಕೋಡಿನಲ್ಲಿ ‘ಮಸ್ಟ್’ ಎಂದಿದ್ದರೆ ಅದರ ಹಿಂದೆ ಕಾನೂನಿನ ಸೆಕ್ಷನ್ ಇದೆ, ‘ಶುಡ್’ ಎಂದಿದ್ದರೆ ಅದು ಸಲಹೆ. ಸಲಹೆ ಮೀರಿದ್ದಕ್ಕೇ ಕೇಸು ಹಾಕಲಾಗದು, ಆದರೆ ತಪ್ಪು ಯಾರದೆಂದು ತೀರ್ಮಾನಿಸುವಾಗ ಕೋರ್ಟಿನಲ್ಲಿ ಅದನ್ನು ಮುಂದಿಡಬಹುದು. 13ನೇ ನಿಯಮ ನಡೆಯುವವರಿಗೂ ಹೇಳುತ್ತದೆ: ಹಂಚಿಕೊಂಡ ದಾರಿಯಲ್ಲಿ ಸೈಕಲ್ಲಿನವರಿಗೆ ಅಡ್ಡಿಯನ್ನಾಗಲಿ ಅಪಾಯವನ್ನಾಗಲಿ ಮಾಡಬೇಡಿ. ನಾಯಿಯ ಹಗ್ಗ ಗಿಡ್ಡವಾಗಿರಲಿ ಎಂಬುದೂ ಅದೇ ಕೋಡಿನ ಮಾತು.

ಪೊಲೀಸರ ಮಟ್ಟಕ್ಕೆ ಹೋದಾಗ

1988ರ ರೋಡ್ ಟ್ರಾಫಿಕ್ ಆಕ್ಟಿನ 28ನೇ ಸೆಕ್ಷನ್ ಅಪಾಯಕಾರಿ ಸೈಕಲ್ ಸವಾರಿಗೆ 2,500 ಪೌಂಡ್‌ವರೆಗೆ, 29ನೇ ಸೆಕ್ಷನ್ ಅಜಾಗರೂಕ ಸವಾರಿಗೆ 1,000 ಪೌಂಡ್‌ವರೆಗೆ ದಂಡ ಹೇಳುತ್ತದೆ. ಇವೆರಡೂ ‘ರೋಡ್’ ಮೇಲೆ ನಡೆದ ಕೃತ್ಯಕ್ಕೆ. ಕಾಲುವೆ ದಂಡೆ ಸಾರ್ವಜನಿಕ ಕಾಲುದಾರಿಯೆಂದು ದಾಖಲಾಗಿದ್ದರೆ ಅದು ಹೈವೇ, ಹಾಗಾಗಿ ‘ರೋಡ್’ ಆಗುತ್ತದೆ. ಬರೀ ಅನುಮತಿಯ ದಾರಿಯಾದರೆ ವಕೀಲರಿಗೆ ವಾದಿಸಲು ಜಾಗ ಸಿಗುತ್ತದೆ. ಡೆಫಿನಿಟಿವ್ ಮ್ಯಾಪ್ ನೋಡಿ ಎಂದದ್ದು ಇದಕ್ಕೇ.

ಗಾಯ ಗಂಭೀರವಾಗಿದ್ದರೆ ಕುದುರೆ ಗಾಡಿಗಳ ಕಾಲದ ಇನ್ನೊಂದು ಕಾನೂನಿದೆ. 1861ರ ಕಾಯ್ದೆಯ 35ನೇ ಸೆಕ್ಷನ್ ಉನ್ಮತ್ತವಾಗಿ ವಾಹನ ಓಡಿಸಿ ಮೈಗೆ ಪೆಟ್ಟು ಮಾಡುವುದರ ಬಗ್ಗೆ. ಇದಕ್ಕೆ ರೋಡೇ ಆಗಬೇಕೆಂದಿಲ್ಲ, ಎರಡು ವರ್ಷದವರೆಗೆ ಜೈಲು. 2016ರಲ್ಲಿ ಲಂಡನ್ನಿನ ಓಲ್ಡ್ ಸ್ಟ್ರೀಟಿನಲ್ಲಿ ಮುಂದಿನ ಬ್ರೇಕಿಲ್ಲದ ಸೈಕಲ್ ಬಡಿದು ಮಹಿಳೆಯೊಬ್ಬರು ಸತ್ತಾಗ, ಮರುವರ್ಷ ಸವಾರನಿಗೆ 18 ತಿಂಗಳ ಶಿಕ್ಷೆಯಾದದ್ದು ಇದೇ ಸೆಕ್ಷನ್ನಿನಲ್ಲಿ. ಆ ಪ್ರಕರಣದ ನಂತರ ಹೊಸ ಕಾನೂನಿಗೆ ಕೂಗೆದ್ದಿತು. ಅಪಾಯಕಾರಿ ಸವಾರಿಯಿಂದ ಸಾವು ಉಂಟಾದರೆ ಜೀವಾವಧಿವರೆಗೆ ಶಿಕ್ಷೆ ವಿಧಿಸುವ ಕಲಂಗಳನ್ನು ಸರ್ಕಾರ 2025ರಲ್ಲಿ ಕ್ರೈಂ ಅಂಡ್ ಪೊಲೀಸಿಂಗ್ ಮಸೂದೆಗೆ ಸೇರಿಸಿತು.

ನಡೆಯುವವರು ತಿಳಿದಿರಬೇಕಾದ ಪ್ರಕರಣ ಬೇರೆಯದು. 2020ರ ಅಕ್ಟೋಬರಿನಲ್ಲಿ ಹಂಟಿಂಗ್‌ಡನ್ ಪಟ್ಟಣದ ಒಂದು ಫುಟ್‌ಪಾತಿನಲ್ಲಿ 77 ವರ್ಷದ ಅಜ್ಜಿ ಸೈಕಲ್ಲಿನಲ್ಲಿ ಬರುತ್ತಿದ್ದರು. ಎದುರಿಗೆ ದೃಷ್ಟಿ ಮಂದವಿದ್ದ, ಅಂಗವೈಕಲ್ಯವಿದ್ದ ಪಾದಚಾರಿ ಮಹಿಳೆ. ಆಕೆ ಕೈ ಬೀಸಿ, ಬೈದು, ಕೂಗಿದರು. ಅಜ್ಜಿ ರಸ್ತೆಗೆ ಬಿದ್ದು ಕಾರಿನಡಿ ಸಿಕ್ಕಿ ಸತ್ತರು. ಆ ಫುಟ್‌ಪಾತಿನಲ್ಲಿ ಸೈಕಲ್ಲಿಗೆ ಅವಕಾಶವಿತ್ತೇ ಎಂದು ಪೊಲೀಸರಿಗೇ ಖಚಿತವಾಗಿ ಹೇಳಲಾಗಲಿಲ್ಲ. ಪಾದಚಾರಿ ಮಹಿಳೆಗೆ 2023ರಲ್ಲಿ ಕೊಲೆಯಲ್ಲದ ಮಾನವ ಹತ್ಯೆಗೆಂದು ಮೂರು ವರ್ಷ ಶಿಕ್ಷೆಯಾಯಿತು. 2024ರ ಮೇ 8ರಂದು ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಆ ಸಾವಿಗೆ ಕಾರಣವಾದ ಮೂಲ ಅಪರಾಧ ಯಾವುದೆಂದೇ ಪ್ರಾಸಿಕ್ಯೂಷನ್ ತೋರಿಸಿಲ್ಲ ಎಂಬುದು ಕಾರಣ. ತೀರ್ಪು ಸರಿಯೆಂದೇ ನನ್ನ ಎಣಿಕೆ. ಆದರೆ ಬಿಡುಗಡೆಯಾಗುವ ಹೊತ್ತಿಗೆ ಆಕೆ ಜೈಲಿನಲ್ಲಿ ಸುಮಾರು ಒಂದು ವರ್ಷ ಕಳೆದಾಗಿತ್ತು. ಸೈಕಲ್ ಬಂದರೆ ಕೈ ಅಡ್ಡ ಹಿಡಿಯುವುದು, ಕೋಲು ಚಾಚುವುದು ಬೇಡವೇ ಬೇಡ, ಪಕ್ಕದಲ್ಲಿ ನೀರಿರುವಾಗಲಂತೂ.

ಪೆಟ್ಟಾದ ಆ ಹತ್ತು ನಿಮಿಷ

ಮೋಟಾರು ವಾಹನದವರು ಅಪಘಾತವಾದರೆ ನಿಲ್ಲಲೇಬೇಕೆಂಬ ಸೆಕ್ಷನ್ ಸೈಕಲ್ಲಿಗಿಲ್ಲ. ಆದರೆ 1988ರ ರೋಡ್ ಟ್ರಾಫಿಕ್ ಆಕ್ಟಿನ 168ನೇ ಸೆಕ್ಷನ್ ಇದೆ. 28 ಅಥವಾ 29ರ ಅಪರಾಧದ ಆರೋಪ ಹೊತ್ತ ಸವಾರನ ಹೆಸರು, ವಿಳಾಸವನ್ನು, ಕೇಳಲು ತಕ್ಕ ಕಾರಣವಿರುವ ಯಾರು ಬೇಕಾದರೂ ಕೇಳಬಹುದು. ಕೊಡದಿದ್ದರೆ, ಸುಳ್ಳು ಹೇಳಿದರೆ ಅದೇ ಒಂದು ಅಪರಾಧ. ದನಿ ಏರಿಸದೆ ಕೇಳಿ: ನಿಮ್ಮ ಸವಾರಿ ಅಜಾಗರೂಕವಾಗಿತ್ತು, ನಮ್ಮ ತಂದೆಗೆ ಪೆಟ್ಟಾಗಿದೆ, ನಿಮ್ಮ ಹೆಸರು ವಿಳಾಸ ಬೇಕು.

ಆಮೇಲೆ ಹತ್ತಿರದ ಸೇತುವೆಯತ್ತ ನೋಡಿ. ಕಾಲುವೆ ಸೇತುವೆಗಳಿಗೆ ಸಾಮಾನ್ಯವಾಗಿ ನಂಬರಿನ ಫಲಕ ಇರುತ್ತದೆ. ಆಂಬುಲೆನ್ಸಿಗೆ 999, ತುರ್ತಿಲ್ಲದಿದ್ದರೆ ಪೊಲೀಸರಿಗೆ 101. ಯಾವುದಕ್ಕೆ ಮಾಡಿದರೂ ಕಾಲುವೆಯ ಹೆಸರು, ಸೇತುವೆ ನಂಬರು ಹೇಳಿದರೆ ಅವರು ಅಲೆಯಬೇಕಾಗಿಲ್ಲ. ಸೈಕಲ್, ಗಾಯ, ದಾರಿಯ ಅಗಲ, ಅಲ್ಲಿರುವ ಬೋರ್ಡು ಎಲ್ಲದರ ಫೋಟೊ ತೆಗೆಯಿರಿ. ದಡಕ್ಕೆ ಕಟ್ಟಿದ ಉದ್ದನೆಯ ದೋಣಿಗಳಲ್ಲಿ ಜನ ವಾಸವಿರುತ್ತಾರೆ, ಚಹಾ ಲೋಟ ಹಿಡಿದು ಎಲ್ಲವನ್ನೂ ನೋಡಿರುತ್ತಾರೆ. ಅವರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ದೋಣಿಯ ಹೆಸರು, ನಂಬರು ಅದರ ಮೈಮೇಲೆ ಬರೆದಿರುತ್ತದೆ, ಅಂದೇ ಬರೆದುಕೊಳ್ಳಿ. ಕಾಯಂ ತಂಗುದಾಣವಿಲ್ಲದ ದೋಣಿಗಳು ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಮುಂದಿನ ತಿಂಗಳು ಹುಡುಕಿಕೊಂಡು ಹೋದರೆ ಬರೀ ಗೂಟ ಕಾಣುತ್ತದೆ.

ಪರಿಹಾರದ ಹಣ ಸಿವಿಲ್ ದಾವೆಯ ವಿಷಯ. ಮೈಗಾದ ಗಾಯಕ್ಕೆ ಘಟನೆಯ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಮಕ್ಕಳಿಗೆ ಆ ಮೂರು ವರ್ಷ 18 ತುಂಬಿದ ದಿನದಿಂದ ಶುರು. ಸೋತರೆ ಫೀಸಿಲ್ಲ ಎನ್ನುವ ವಕೀಲರು ಸಿಗುತ್ತಾರೆ. ಗೆದ್ದಾಗ ಅವರು ಪರಿಹಾರದಿಂದ ತೆಗೆದುಕೊಳ್ಳುವ ಗೆಲುವಿನ ಪಾಲಿಗೆ ಶೇ. 25ರ ಮಿತಿ ಇದೆ. ಸಹಿ ಹಾಕುವ ಮುಂಚೆ ಸಿಟಿಜನ್ಸ್ ಅಡ್ವೈಸ್ ಕಚೇರಿಯಲ್ಲಿ ಪುಕ್ಕಟೆ ಸಲಹೆ ಕೇಳಿ. ಸೈಕಲ್ಲಿಗೆ ಇಲ್ಲಿ ಕಡ್ಡಾಯ ವಿಮೆಯಿಲ್ಲ. ಆದರೂ ಮನೆ ಸಾಮಾನಿನ ವಿಮೆಯಲ್ಲಿ, ಸೈಕಲ್ ಸಂಘಗಳ ಸದಸ್ಯತ್ವದಲ್ಲಿ ಹೊಣೆಗಾರಿಕೆ ವಿಮೆ ಸೇರಿರುವುದುಂಟು. ಎದುರಿನವನಿಗೆ ಅದಿದೆಯೇ ಎಂದು ಕೇಳಲು ಮರೆಯಬೇಡಿ.

ನೀವೇ ಸೈಕಲ್ ತುಳಿಯುವವರಾದರೆ 2019ರ ಒಂದು ತೀರ್ಪು ನೆನಪಿರಲಿ. ಫೋನ್ ನೋಡುತ್ತಾ ರಸ್ತೆಗಿಳಿದ ಮಹಿಳೆಗೆ ಲಂಡನ್ನಿನಲ್ಲಿ ಸೈಕಲ್ ಬಡಿದಿತ್ತು. ಸವಾರ ಹಾರ್ನ್ ಹೊಡೆದಿದ್ದ, ಕೂಗಿದ್ದ, ಬ್ರೇಕೂ ಹಾಕಿದ್ದ. ಕೌಂಟಿ ಕೋರ್ಟ್ ಇಬ್ಬರದೂ ಸಮಪಾಲು ತಪ್ಪೆಂದಿತು. ಆದರೆ ಸವಾರ ತನಗಾದ ಗಾಯಕ್ಕೆ ಪ್ರತಿದಾವೆ ಹೂಡಿರಲಿಲ್ಲ, ವಿಮೆಯೂ ಇರಲಿಲ್ಲ. ನಾಲ್ಕು ಸಾವಿರ ಪೌಂಡಿಗೂ ಮೀರಿದ ಪರಿಹಾರದ ಜೊತೆ ಎದುರಿನವರ ವಕೀಲರ ಖರ್ಚೂ ಅವನ ತಲೆಗೆ ಬಂತು. ಇನ್ನು ಓದಲು ಬಂದ ಹುಡುಗರಿಗೊಂದು ಮಾತು. 250 ವಾಟಿಗಿಂತ ಹೆಚ್ಚಿನ ಮೋಟಾರಿನ ಅಥವಾ ಗಂಟೆಗೆ 15.5 ಮೈಲಿ ದಾಟಿದ ಮೇಲೂ ಮೋಟಾರು ತಳ್ಳುವ ಇ–ಬೈಕು ಕಾನೂನಿನ ಕಣ್ಣಿಗೆ ಸೈಕಲ್ಲೇ ಅಲ್ಲ. ಅದಕ್ಕೆ ಲೈಸೆನ್ಸು, ವಿಮೆ, ನೋಂದಣಿ ಬೇಕು. ಅದನ್ನು ದಂಡೆಯ ಮೇಲೆ ಓಡಿಸುವಂತೆಯೇ ಇಲ್ಲ, ಸ್ವಂತ ಇ–ಸ್ಕೂಟರೂ ಅಷ್ಟೇ. ಸ್ಟೂಡೆಂಟ್ ವೀಸಾದಲ್ಲಿ ಸ್ವಯಂ ಉದ್ಯೋಗಿಯಾಗಿ ಊಟದ ಡೆಲಿವರಿ ಮಾಡುವುದು ವೀಸಾ ಷರತ್ತಿನ ಉಲ್ಲಂಘನೆ. ಸಣ್ಣ ಡಿಕ್ಕಿಯೊಂದು ಆ ಕಡತವನ್ನೂ ಬಿಚ್ಚಿಬಿಡಬಹುದು.

ಕೊನೆಗೆ ಅಪ್ಪ ಅಮ್ಮಂದಿರ ವಿಷಯ. ಇಂಗ್ಲೆಂಡಿನ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಚಿಕಿತ್ಸೆ ಯಾರಿಗಾದರೂ ಉಚಿತ. ಅಲ್ಲಿಂದ ವಾರ್ಡಿಗೆ ದಾಖಲಾದ ಕ್ಷಣದಿಂದ ಪ್ರವಾಸಿ ವೀಸಾದವರಿಗೆ ಬಿಲ್ ಶುರುವಾಗುತ್ತದೆ, ಅದೂ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದರದ ಒಂದೂವರೆ ಪಟ್ಟು. ಸೊಂಟದ ಮೂಳೆ ಮುರಿದರೆ ಎಷ್ಟಾದೀತೆಂದು ನೀವೇ ಲೆಕ್ಕ ಹಾಕಿ. ಟಿಕೆಟ್ ಮಾಡಿಸುವ ದಿನವೇ ಪ್ರಯಾಣ ವಿಮೆಯನ್ನೂ ಮಾಡಿಸಿ. ಬೆಳಗಿನ ವಾಕಿಂಗಿಗೆ ಕಳಿಸುವಾಗ ನಿಮ್ಮ ಫೋನ್ ನಂಬರು, ಮನೆ ವಿಳಾಸ, ಮನೆ ಹತ್ತಿರದ ಕಾಲುವೆ ಸೇತುವೆಯ ನಂಬರು ಬರೆದ ಚೀಟಿಯನ್ನು ಅವರ ಸ್ವೆಟರಿನ ಜೇಬಿನಲ್ಲಿಡಿ. ನಮ್ಮಪ್ಪನ ಜೇಬಿನಲ್ಲಿ ಈಗ ಅದು ಇದೆ.